ಕಲ್ಹೇರಿನ ನೀರಡಿ

ಕಲ್ಹೇರಿನ ಕೆರೆಯ ಕೆಳಗೆ ಎತ್ತುಗಳಿಗೆ ನೀರು ಕುಡಿಸಲೆಂದು ಗಾಡಿ ನಿಲ್ಲಿಸಿದೆವು. ಊರಿಗೆ ಕುಡಿಯುವ ನೀರು ತರುವ ಕಾಲುವೆ ಒಣಗಿತ್ತು. ಹೆಂಗಸರು ಖಾಲಿ ಕೊಡ ಇಟ್ಟುಕೊಂಡು ದಂಡೆಯಲ್ಲಿ ಕೂತಿದ್ದರು. ಅವರು ಕೆರೆಯ ಏರಿ ಹತ್ತದಂತೆ ಜಾಗೀರದಾರರ ಜವಾನರು ಲಾಠಿ ಹಿಡಿದು ನಿಂತಿದ್ದರು. ಏರಿಯಾಚೆಯಿಂದ ಗ್ರಾಮಾಫೋನಿನ ಹಾಡು, ನಗು ಕೇಳುತ್ತಿತ್ತು.

ತೂಬು ತೆಗೆದು ನೀರು ಬಿಡುವವನಿಗೆ ಇಲ್ಲಿ ನೀರಡಿ ಎನ್ನುತ್ತಾರೆ. ತೂಬಿನ ಬಳಿ ಬೀಡಿ ಸೇದುತ್ತ ಕೂತಿದ್ದ ಅವನನ್ನು, ಯಾಕೆ ನೀರು ಬಿಟ್ಟಿಲ್ಲವೆಂದು ಗದರಿದೆ.

"ನೀರು ಇಳದ್ರ ಸಾಹೇಬ್ರ ದೋಣಿ ಕೆಸರಾಗ ಸಿಕ್ಕೋತದರಿ. ಅವರ ಸೈರ್ ಮುಗೀಲಿ."

ಸೈರ್ ಅಂದರೆ ವಿಹಾರ. ವಿಹಾರಕ್ಕೆ ನೀರುಂಟು, ಗಂಟಲಿಗಿಲ್ಲ. ಇವರ ದೊಡ್ಡಸ್ತಿಕೆಗೆ ಬೆಂಕಿ ಬೀಳಲಿ.

ಮುದುಕಿಯೊಬ್ಬಳು ಕೊಡ ಬೋರಲು ಹಾಕಿ, ಅವನಿಗೆ ಕೇಳುವಂತೆಯೇ ನನಗೆ ಹೇಳಿದಳು:

"ನೀರಡಿ ಅವರಂವ ಆಗ್ಯಾನರಿ. ನಮಗ ನೀರಡಿಕಿ ಅಷ್ಟ ಉಳದದ."