ವೆಂಕಟರತ್ನಮ್ಮನ ರಾಣಿಬೊಂಬೆ

ಶಿಡ್ಲಘಟ್ಟದ ವೆಂಕಟರತ್ನಮ್ಮ ಶಾಲೆಯಲ್ಲಿ ಹೊಲಿಗೆ ಕಲಿಸಿ ನಿವೃತ್ತರಾದವರು. ಚಿಟ್ಟೆ ಕೊರೆದು ಹೊರಬಿದ್ದ ರೇಷ್ಮೆಗೂಡು ನೂಲಿಗೆ ಬರುವುದಿಲ್ಲ, ಯಾರಿಗೂ ಬೇಡ. ಅದನ್ನೇ ತಂದು, ಕತ್ತರಿಸಿ, ಬಣ್ಣ ಹಾಕಿ ಬೊಂಬೆ ಮಾಡಿ ಮಾರುತ್ತಿದ್ದರು. ಒಂದು ಮೂಗು ಸರಿಬರಲು ಮಧ್ಯಾಹ್ನವೆಲ್ಲ ಹಿಡಿಯುತ್ತಿತ್ತು. ತಮ್ಮ ಧಾರೆಸೀರೆ ಜೀರ್ಣವಾದಾಗ ಅದರ ಅಂಚಿನಲ್ಲಿ ಒಂದು ರಾಜ ರಾಣಿ ಬೊಂಬೆಯ ಜೋಡಿಗೆ ಉಡುಪು ಹೊಲಿದರು. ಆ ಜೋಡಿ ಮಾತ್ರ ಮಾರಾಟಕ್ಕಲ್ಲ.

ಚಿಕ್ಕಬಳ್ಳಾಪುರ ಜಿಲ್ಲೆಯಾದ ವರ್ಷ, ದಸರೆಗೆ ಮುಂಚೆ, ಅಲ್ಲಿನ ಒಂದು ಕಲ್ಯಾಣಮಂಟಪದಲ್ಲಿ ಹವ್ಯಾಸಿಗಳ ಪ್ರದರ್ಶನ ನಡೆಯಿತು. ಅಂಚೆಚೀಟಿಯವರು, ಹಳೆ ನಾಣ್ಯದವರು, ಮೂಲೆಯ ಮೇಜಿನಲ್ಲಿ ಆ ಜೋಡಿಯನ್ನೂ ಇಟ್ಟುಕೊಂಡು ರತ್ನಮ್ಮ. ಅವರು ಊಟ ಮುಗಿಸಿ ಬರುವಷ್ಟರಲ್ಲಿ ರಾಣಿ ಮಾಯ. ರಾಜ ಒಬ್ಬನೇ ನಿಂತಿದ್ದ. ಕೈಯಲ್ಲಿ ಮಾಡಿದ್ದೆಂದರೆ ಜನಕ್ಕೆ ಬಿಟ್ಟಿ ಸಿಕ್ಕಿದ್ದೆಂದೇ ಲೆಕ್ಕ.

ಪ್ರದರ್ಶನದ ಅಧ್ಯಕ್ಷೆ ಶ್ರೀವಲ್ಲಿ ಬಂದರು. ಊರಲ್ಲಿ ದೊಡ್ಡ ಹೆಸರು ಅವರದು.

"ಒಂದು ಬೊಂಬೆ ತಾನೇ ಮೇಡಂ, ಇನ್ನೊಂದು ಮಾಡ್ಕೊಂಡ್ರಾಯ್ತು" ಎಂದವರು ಕಸ ಗುಡಿಸುತ್ತಿದ್ದ ಮಂಗಮ್ಮನ ಕಡೆ ತಿರುಗಿದರು. "ಇಲ್ಲೇ ಸುಳಿದಾಡ್ತಿದ್ದೋಳು ಇವಳು. ಚೀಲ ಸುರಿಯೇ, ಕಳ್ಳಿ."

ಮಂಟಪಕ್ಕೆಲ್ಲ ಕೇಳಿಸಿತು. ರತ್ನಮ್ಮ ಬೇಡ ಬೇಡವೆಂದರೂ ಯಾರು ಕೇಳಬೇಕು? ಎಲೆಅಡಿಕೆ ಸಂಚಿ, ಬಾಚಣಿಗೆ, ಅನ್ನದ ಡಬ್ಬಿ ನೆಲಕ್ಕೆ ಬಿದ್ದವು. ತಾನು ತೆಗೆದಿಲ್ಲವೆಂದು ಮಂಗಮ್ಮ ತೆಲುಗಿನಲ್ಲಿ ಗೋಗರೆದಳು, "ನೇನು ತೀಯಲೇದಮ್ಮ." ಬಿದ್ದದ್ದನ್ನು ತಾನೇ ಆರಿಸಿಕೊಂಡಳು. ಅಂದೇ ಅವಳ ಕೆಲಸವೂ ಹೋಯಿತು.

ದಸರೆಯಲ್ಲಿ ಚಿಕ್ಕಬಳ್ಳಾಪುರದ ತಂಗಿ ರತ್ನಮ್ಮನನ್ನು ಬೊಂಬೆ ನೋಡಲು ಮನೆಮನೆಗೆ ಕರೆದೊಯ್ದಳು. ಶ್ರೀವಲ್ಲಿಯ ಮನೆಯಲ್ಲಿ, ಬೊಂಬೆ ಕೂರಿಸಿದ ಮೆಟ್ಟಿಲುಗಳಲ್ಲಿ ಎಲ್ಲಕ್ಕಿಂತ ಮೇಲೆ, ರಾಣಿ ಕುಳಿತಿದ್ದಳು. ಅದೇ ಮೂಗು, ಅದೇ ಅಂಚು. ಕದ್ದದ್ದು ಸಾಲದೆಂದು ಬಡವಳ ತಲೆಗೆ ಕಟ್ಟಿದ್ದರಲ್ಲ! ಶ್ರೀವಲ್ಲಿ ಒಳಗಿದ್ದರು. ರತ್ನಮ್ಮ ಅವರಿಗೆ ಕಾಯದೆ ಹೊರಬಂದರು.

ಮರುದಿನ ಸಂಜೆ ಊರಿಂದ ತಂದ ರಾಜನನ್ನು ಚೀಲದಲ್ಲಿಟ್ಟುಕೊಂಡು, ಮಂಗಮ್ಮನನ್ನು ಹುಡುಕಿ ಜೊತೆಗೆ ಕರೆದುಕೊಂಡು ಮತ್ತೆ ಹೋದರು. ಬೊಂಬೆ ನೋಡಲು ಬಂದ ಹೆಂಗಸರನ್ನು ಬಾಗಿಲಿಂದ ಹಿಂದಕ್ಕೆ ಕಳಿಸುವಂತಿಲ್ಲ. ನಡುಮನೆ ತುಂಬ ಮುತ್ತೈದೆಯರು. ರತ್ನಮ್ಮ ನೇರ ಹೋಗಿ ರಾಣಿಯ ಪಕ್ಕ ರಾಜನನ್ನು ಕೂರಿಸಿದರು. ಒಂದೇ ಸೀರೆಯ ಅಂಚು ಎಲ್ಲರಿಗೂ ಕಂಡಿತು.

"ಅಯ್ಯೋ, ಅವತ್ತು ಸಾಮಾನು ಕಟ್ಟೋವಾಗ ನಮ್ಮದರ ಜೊತೆ ಸೇರ್ಕೊಂಡಿರಬೇಕು" ಎಂದರು ಶ್ರೀವಲ್ಲಿ.

"ಸೇರ್ಕೊಂಡಿದ್ದು ಮೇಲಿನ ಮೆಟ್ಟಿಲು ಹತ್ತಿ ಕೂತ್ಕೊಳ್ತಾ?" ಎಂದರು ರತ್ನಮ್ಮ. "ನಿಮ್ಮ ಚೀಲ ಸುರೀರಿ ಅಂತ ಯಾರೂ ಕೇಳ್ಲಿಲ್ಲ, ನೋಡಿ."

ಜೋಡಿಯನ್ನು ಎತ್ತಿಕೊಂಡರು. ಶ್ರೀವಲ್ಲಿ ಕುಂಕುಮದ ಬಟ್ಟಲು ಹಿಡಿದು ಮಂಗಮ್ಮನ ಕಡೆ ಬಂದರು. ಮಂಗಮ್ಮ ಹಣೆ ಕೊಡಲಿಲ್ಲ.

"ಕುಂಕುಮ ಆಮೇಲಿರ್ಲಮ್ಮ. ಅವತ್ತು ಎಲ್ಲರ ಎದುರಿಗೆ ಕಳ್ಳಿ ಅಂದ್ರಿ. ಈಗ ಎಲ್ಲರ ಎದುರಿಗೆ ಕಳ್ಳಿ ಅಲ್ಲ ಅನ್ನಿ."

ಶ್ರೀವಲ್ಲಿ ನೆಲ ನೋಡುತ್ತ, ನೀನಲ್ಲ ಎಂದು ಮೆಲ್ಲಗೆ ಅಂದರು.

"ಅವತ್ತು ಇಷ್ಟು ಮೆಲ್ಲಗೆ ಅಂದಿರ್ಲಿಲ್ಲ" ಎಂದಳು ಮಂಗಮ್ಮ.