ಎರಡು ಹನಿ ಎಣ್ಣೆ

ಅರವತ್ತರ ದಶಕದಲ್ಲಿ ನಾನು ಹಿರೇಕೆರೂರಿನ ದನದ ದವಾಖಾನೆಯಲ್ಲಿ ಡಾಕ್ಟರನಾಗಿದ್ದಾಗ ನನ್ನ ತಾಳ್ಮೆಯನ್ನೆಲ್ಲ ಬಳಸಿ ಮುಗಿಸಿದವರು ಮಾಸೂರಿನ ಒಬ್ಬ ಗೌಡರು. ಅವರ ಹತ್ತಿರ ಸ್ಪ್ಯಾನಿಯಲ್ ನಾಯಿಯೊಂದಿತ್ತು. ರೇಷ್ಮೆಯಂಥ ಕೂದಲು, ಗದ್ದದ ಕೆಳಗೆ ಜೋಲುವ ಕಿವಿ, ಮದಗದ ಕೆರೆ ಕಂಡರೆ ಧುಮುಕುವ ಚಟ. ಅಂಥ ಕಿವಿಗೆ ಗಾಳಿಯಾಡುವುದಿಲ್ಲ. ಒರೆಸಿ ಒಣಗಿಸದಿದ್ದರೆ ಒಳಗೇ ಕೊಳೆಯುತ್ತದೆ. ಇದನ್ನು ನಾನು ವಾರವಾರವೂ ಹೇಳಿದೆ.

ಗೌಡರು ಸೋಮವಾರ ಮೊಮ್ಮಕ್ಕಳಿಗೆ ಎಣ್ಣೆ ಹಚ್ಚಿ ಎರೆಯುವಾಗ ನಾಯಿಯನ್ನೂ ಸಾಲಿನಲ್ಲಿ ಕೂಡಿಸಿ, ಬೆಳ್ಳುಳ್ಳಿ ಹಾಕಿ ಕಾಯಿಸಿದ ಕುಸುಬಿ ಎಣ್ಣೆಯನ್ನು ಕಿವಿಗೆ ಬಿಡುತ್ತಿದ್ದರು. ಸಂತೆಯ ದಿನ ಚಕ್ಕಡಿಯಲ್ಲಿ ನನ್ನ ಹತ್ತಿರ ತರುತ್ತಿದ್ದರು. ಕಿವಿ ಎತ್ತಿದರೆ ಎಣ್ಣೆ, ಧೂಳು, ನಾತ.

"ಎಣ್ಣಿ ಬಿಡಬ್ಯಾಡ್ರಿ ಅಂತ ಹೇಳಿದ್ದೆ, ಗೌಡ್ರ. ಹಿಂಗಾದ್ರ ನಾಯಿ ಕಿವುಡ ಆಗತೈತಿ."

"ಎರಡು ಹನಿ ಅಷ್ಟರಿ, ಸಾಹೇಬ್ರ. ಮಕ್ಕಳಿಗೆ ಬಿಡೂದಿಲ್ಲೇನ್ರಿ?" ಎನ್ನುತ್ತ ರುಮಾಲಿನ ತುದಿಯಿಂದ ನಾಯಿಯ ಮೂಗು ಒರೆಸುತ್ತಿದ್ದರು. ನಾಯಿ ತಲೆ ಕೊಡವಿ ನನ್ನ ಬಿಳಿ ಅಂಗಿಗೆಲ್ಲ ಎಣ್ಣೆ ಸಿಡಿಸುತ್ತಿತ್ತು. ಮೂರು ವರ್ಷ ಅದೇ ಮಾತು ಹೇಳಿದೆ. ಕೊನೆಕೊನೆಗೆ ಕೂಗಿಯೇ ಹೇಳಿದೆ.

ಶಿಗ್ಗಾಂವಿಗೆ ವರ್ಗವಾಗಿ ನಾನು ಹೊರಟ ದಿನ ಗೌಡರು ಬಸ್ಸಿನ ಕಿಟಕಿಯ ಹತ್ತಿರ ಬಂದರು. ಬಗಲಲ್ಲಿ ನಾಯಿ, ಕೈಯಲ್ಲೊಂದು ಸಣ್ಣ ಬಾಟಲಿ. ಮುಟ್ಟಿದರೆ ಇನ್ನೂ ಬೆಚ್ಚಗಿತ್ತು.

"ಇದು ನಿಮಗರಿ," ಎಂದರು. "ಹೇಳಿದ್ದನ್ನ ಹೇಳ್ತೀರಿ, ಅದೂ ಒದರಿ ಹೇಳ್ತೀರಿ. ನಿಮ್ಮ ಕಿವಿ ಮಂದ ಆಗ್ಯಾವ. ಸೋಮವಾರಕ್ಕೊಮ್ಮೆ ಎರಡು ಹನಿ ಬಿಟ್ಟುಕೋರಿ."