ಹಿಂದಿನ ಸೀಟು ಖಾಲಿ ಇತ್ತು

ಎದುರು ಮನೆಯ ಕಾರಿನ ಹಿಂಭಾಗದಲ್ಲಿ ಕಳೆದ ವಾರದಿಂದ ಹಸಿರು ಬಣ್ಣದ ಪಿ ಅಕ್ಷರವೊಂದು ಅಂಟಿಕೊಂಡಿದೆ. ಕೊಂಚ ಓರೆಯಾಗಿದೆ, ಅಂಟಿಸಿದವರ ಸಡಗರ ಅಂಥದ್ದಿರಬೇಕು. ಆ ಮನೆಯ ಮಗಳು ಡ್ರೈವಿಂಗ್ ಟೆಸ್ಟ್ ಪಾಸಾಗಿದ್ದಾಳೆ. ಕಲಿಯುವಾಗ ಹಾಕುವ ಕೆಂಪು ಎಲ್ ಇಲ್ಲಿ ಕಡ್ಡಾಯ. ಪಾಸಾದ ಮೇಲಿನ ಈ ಹಸಿರು ಪಿ ಮಾತ್ರ ಅವರವರ ಇಷ್ಟ. ‘ಹೊಸಬಳಿದ್ದೇನೆ, ಸ್ವಲ್ಪ ಸೈರಿಸಿಕೊಳ್ಳಿ’ ಎಂದು ಹಿಂದೆ ಬರುವವರಿಗೆ ಹೇಳಿಕೊಂಡ ಹಾಗೆ. ಕಸದ ಬಿನ್ ಹೊರಗಿಡಲು ಹೋದವಳು ಆ ಪಿ ನೋಡುತ್ತ ಚಪ್ಪಲಿಯಲ್ಲೇ ಚಳಿಯಲ್ಲಿ ನಿಂತುಬಿಟ್ಟೆ. ನನ್ನ ಮಗಳು ವಿಭಾ ಹದಿನೇಳರಲ್ಲಿ ಅಂಥದ್ದೇ ಒಂದು ಅಂಟಿಸಿಕೊಂಡ ವರ್ಷ ನೆನಪಾಯಿತು.

ನಿಮಗೂ ಗೊತ್ತಿರಬಹುದು, ಕೆಲವು ದೇಶಗಳಲ್ಲಿ ಹರೆಯದವರಿಗೆ ಲೈಸೆನ್ಸನ್ನು ಒಂದೇ ಸಲಕ್ಕೆ ಇಡಿಯಾಗಿ ಕೊಡುವುದಿಲ್ಲ. ಮೊದಲು ಹಿರಿಯರ ಪಕ್ಕ ಕೂತು ಓಡಿಸಬೇಕು. ಆಮೇಲೆ ಒಬ್ಬರೇ ಓಡಿಸಬಹುದು, ಆದರೆ ಗೆಳೆಯರನ್ನು ತುಂಬಿಕೊಳ್ಳುವ ಹಾಗಿಲ್ಲ, ತಡರಾತ್ರಿ ಹೊರಡುವ ಹಾಗಿಲ್ಲ. ಇದೆಲ್ಲ ದಾಟಿದ ಮೇಲೆ ಪೂರ್ತಿ ಲೈಸೆನ್ಸ್. ಕೂಸಿಗೆ ಮೊದಲು ಗಂಜಿ, ಆಮೇಲೆ ಮೆತ್ತನೆ ಅನ್ನ, ಹಲ್ಲು ಬಂದ ಮೇಲೆ ರೊಟ್ಟಿ ಕೊಡುತ್ತೇವಲ್ಲ, ಹಾಗೆ. ನಮ್ಮ ಲಂಡನ್ನಿನಲ್ಲಿ ಹಾಗಿಲ್ಲ. ಹದಿನೇಳರ ಹುಡುಗಿ ಬೆಳಿಗ್ಗೆ ಪಾಸಾದರೆ ಮಧ್ಯಾಹ್ನವೇ ನಾಲ್ವರನ್ನು ಹೇರಿಕೊಂಡು ಸ್ಕಾಟ್ಲೆಂಡಿಗೆ ಹೊರಡಬಹುದು. ಇದು ಬದಲಾಗಬೇಕು ಎಂಬ ಮಾತು ಆಗಾಗ ಏಳುತ್ತದೆ. ರೇಡಿಯೋದಲ್ಲಿ ಒಂದು ಬೆಳಿಗ್ಗೆ ಜೋರಾಗಿ ವಾದ ನಡೆಯುತ್ತದೆ, ಮರುದಿನ ಹವಾಮಾನದ ಮಾತು ಶುರುವಾಗುತ್ತದೆ.

ಡ್ರೈವಿಂಗ್ ವಿಷಯದಲ್ಲಿ ಉಪದೇಶ ಮಾಡಲು ನನಗೆ ಯಾವ ಅಧಿಕಾರವೂ ಇಲ್ಲ ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ಧಾರವಾಡದಲ್ಲಿ ಕಾಲೇಜಿಗೆ ಹೋಗುವಾಗ ಸ್ಕೂಟರಿನ ಮೇಲೆ ಇಬ್ಬರು ಗೆಳತಿಯರನ್ನು ಕೂರಿಸಿಕೊಂಡು, ಮೂರನೆಯವಳ ಚೀಲವನ್ನು ಕಾಲ ಬಳಿ ಇಟ್ಟುಕೊಂಡು ಏರು ಹತ್ತಿಸಿದವಳು ನಾನು. ಅದೇ ಧೈರ್ಯದಲ್ಲಿ ಇಲ್ಲಿ ಟೆಸ್ಟಿಗೆ ಹೋಗಿ ಎರಡು ಸಲ ನಪಾಸಾದೆ. ಎರಡನೆಯ ಸಲವಂತೂ ರೌಂಡ್ ಅಬೌಟಿನಲ್ಲಿ ಬಂದವರಿಗೆಲ್ಲ ದಾರಿ ಬಿಡುತ್ತ ನಿಂತೆ. ಹಿಂದಿನವರು ಹಾರ್ನ್ ಬಾರಿಸಿದರು. ಪರೀಕ್ಷಕರು ಬಹಳ ಮರ್ಯಾದೆಯಿಂದ, ಇಷ್ಟೊಂದು ಸಂಕೋಚ ರಸ್ತೆಗೆ ಆಗಿಬರುವುದಿಲ್ಲ ಎಂಬರ್ಥದ ಮಾತು ಹೇಳಿದರು. ಬೇಡ ಎನ್ನಲು ಬಾರದ ನನ್ನ ಸ್ವಭಾವ ಅವರಿಗೆ ಅರ್ಧ ಗಂಟೆಯಲ್ಲಿ ತಿಳಿದುಹೋಗಿತ್ತು. ಮೂರನೆಯ ಸಲ ಹೋಗಲಿಲ್ಲ.

ವಿಭಾ ಮೊದಲ ಸಲವೇ ಪಾಸಾದಳು. ಎರಡು ವಾರ ಎಲ್ಲ ಸರಿಯಿತ್ತು. ಆಮೇಲೆ ಒಂದು ದಿನ ಊಟಕ್ಕೆ ಕೂತಾಗ, ಇನ್ನು ಆರು ತಿಂಗಳು ತನ್ನ ಕಾರಿನಲ್ಲಿ ಅಪ್ಪ ಅಮ್ಮನನ್ನು ಬಿಟ್ಟರೆ ಒಬ್ಬರಿಗಷ್ಟೇ ಜಾಗ ಎಂದು ಹೇಳಿದಳು. ಕೆನಡಾದಲ್ಲಿರುವ ನನ್ನ ಅಕ್ಕನ ಮಗಳಿಗೆ ಅಂಥ ನಿಯಮವಿತ್ತು. ಅವಳನ್ನು ಫೋನಿನಲ್ಲಿ ಕೇಳಿ ತಿಳಿದುಕೊಂಡಿದ್ದಳು. ನನ್ನ ಗಂಡ ಬೆಂಗಳೂರಿನವರು, ಕ್ಯಾನರಿ ವಾರ್ಫಿನ ಬ್ಯಾಂಕೊಂದರಲ್ಲಿ ಕೆಲಸ. ನಿಯಮ ಎಂದರೆ ಎಲ್ಲಿ ಬರೆದಿದೆ ಎಂದು ಕೇಳುವ ಜಾತಿ.

“ಇಲ್ಲಿ ಆ ಥರ ರೂಲೇ ಇಲ್ವಲ್ಲ ಪುಟ್ಟಿ,” ಎಂದರು.

“ಸೋ?” ಎಂದಳು ಅವಳು, ಪಲ್ಯ ಬಡಿಸಿಕೊಳ್ಳುತ್ತ.

ಮಾತು ಅಲ್ಲಿಗೇ ಮುಗಿಯಿತು. ಆ ವಯಸ್ಸಿನಲ್ಲಿ ನಾವೆಲ್ಲ ಇದ್ದ ನಿಯಮವನ್ನು ಮುರಿಯುವುದು ಹೇಗೆಂದು ಯೋಚಿಸುತ್ತಿದ್ದೆವು. ಇವಳು ಇಲ್ಲದ ನಿಯಮವನ್ನು ಸಮುದ್ರದಾಚೆಯಿಂದ ತರಿಸಿಕೊಂಡಿದ್ದಳು. ಹೊಸ ಹುರುಪು, ನಾಲ್ಕು ದಿನ ಇರುತ್ತದೆ ಎಂದು ನಾನೂ ಸುಮ್ಮನಾದೆ.

ಈಗ ಕಾಕಾನ ಬಗ್ಗೆ ಹೇಳಬೇಕು. ಗುರುನಾಥ ಕಾಕಾ ನಮಗೆ ರಕ್ತಸಂಬಂಧಿಯಲ್ಲ. ವಿಜಯಪುರದ ಕಡೆಯವರು, ಇಲ್ಲಿಯ ಆಸ್ಪತ್ರೆಯೊಂದರ ಎಕ್ಸ್-ರೇ ವಿಭಾಗದಲ್ಲಿ ದುಡಿದು ನಿವೃತ್ತರಾದವರು. ನಾವು ಮೊದಲು ಹೀಥ್ರೋ ವಿಮಾನ ನಿಲ್ದಾಣದಲ್ಲಿ ಇಳಿದಾಗ ಪರಿಚಯದವರೊಬ್ಬರ ಮಾತಿನ ಮೇಲೆ ನಮ್ಮನ್ನು ಕರೆದೊಯ್ಯಲು ಬಂದಿದ್ದರು. ಕೈಯಲ್ಲಿ ಹೂವಿರಲಿಲ್ಲ, ಮೂರು ಕೋಟುಗಳಿದ್ದವು. ಪುಟ್ಟ ವಿಭಾಳಿಗೂ ಒಂದು. “ಮೊದಲ ಹಾಕ್ಕೋರಿ, ಆಮ್ಯಾಲೆ ಮಾತಾಡೂಣು,” ಎಂದಿದ್ದರು. ಅಂದಿನಿಂದ ಅವರು ನಮ್ಮನ್ನು ಏನಾದರೂ ಕೇಳುತ್ತಲೇ ಇದ್ದರು. ಇವತ್ತ ನಮ್ಮನಿಗೆ ಬಂದು ಚಪಾತಿ ಲಟ್ಟಸು, ನಾಳೆ ಮೊಮ್ಮಗಳ ಶಾಲೆ ಬಿಡೂ ಹೊತ್ತಿಗೆ ನೀ ಹೋಗು, ಹೀಗೆ. ಪರದೇಶದಲ್ಲಿ ನಮ್ಮನ್ನು ಇಷ್ಟು ಸಲಿಗೆಯಿಂದ ಕೇಳುವವರೊಬ್ಬರು ಇದ್ದಾರೆ ಎಂಬುದೇ ನನಗೆ ತವರಿದ್ದ ಹಾಗಿತ್ತು.

ನಮ್ಮವರ ಇನ್ನೊಂದು ಅಭ್ಯಾಸವನ್ನೂ ನೀವು ಬಲ್ಲಿರಿ. ಕಾರಿನಲ್ಲಿ ಸೀಟು ಖಾಲಿ ಇಟ್ಟುಕೊಂಡು ಹೋಗುವುದು ನಮ್ಮಲ್ಲಿ ಕೆಟ್ಟತನಕ್ಕೆ ಸಮ. ಯಾವ ಊಟ ಮುಗಿದರೂ ಬಾಗಿಲಲ್ಲಿ ಅರ್ಧ ಗಂಟೆ ನಡೆಯುವುದು ಯಾರು ಯಾರ ಕಾರಿನಲ್ಲಿ ಎಂಬ ಚರ್ಚೆ. ‘ಬರ್ರಿ, ಸ್ವಲ್ಪ ಸರದ್ರ ಆತು’ ಎನ್ನದವರು ಉಂಡ ಅನ್ನವನ್ನು ಮರೆತವರು.

ಆ ವರ್ಷದ ಯುಗಾದಿಯ ಊಟ ಟೂಟಿಂಗಿನ ಬಾಡಿಗೆ ಹಾಲೊಂದರಲ್ಲಿ ಇತ್ತು. ಭಾನುವಾರ, ಹಳಿ ದುರಸ್ತಿಯೆಂದು ರೈಲು ಬಂದ್. ನನ್ನ ಗಂಡ ಆಫೀಸಿನ ಕೆಲಸಕ್ಕೆ ಬೇರೆ ಊರಿಗೆ ಹೋಗಿದ್ದರು. ವಿಭಾಳೇ ನನ್ನನ್ನು ಕಾರಿನಲ್ಲಿ ಕರೆದುಕೊಂಡು ಬಂದಿದ್ದಳು. ಹೋಳಿಗೆ ಬಡಿಸುತ್ತ ನಾನು ಪ್ರತಿ ಸಾಲಿನಲ್ಲೂ ಅದನ್ನು ಹೇಳಿದೆ. ಮೊದಲ ಸಲಕ್ಕೇ ಪಾಸು, ಬಹಳ ಛಲೋ ಓಡಿಸುತ್ತಾಳೆ, ನನಗಂತೂ ನಿದ್ದೆಯೇ ಬಂದುಬಿಟ್ಟಿತ್ತು. ನಮ್ಮಲ್ಲಿ ಮಕ್ಕಳಿಗೆ ಬರುವುದಿಲ್ಲ ಎಂಬ ವಿದ್ಯೆಯೇ ಇಲ್ಲ. ಭರತನಾಟ್ಯ, ಪಿಯಾನೋ, ಗಣಿತ, ಎಲ್ಲ ಬರುತ್ತದೆ. ಒಬ್ಬರ ಮಗಳಿಗೆ ಬಂದದ್ದು ಇನ್ನೊಬ್ಬರ ಮಗನಿಗೆ ಅದಕ್ಕಿಂತ ಚೆನ್ನಾಗಿ ಬರುತ್ತದೆ.

ಊಟ ಮುಗಿದು ಹೊರಡುವಾಗ ಕಾಕಾನ ಕಾರು ಚಾಲೂ ಆಗಲಿಲ್ಲ. ಬೆಳಿಗ್ಗೆಯಿಂದ ಲೈಟ್ ಹಾಕಿಯೇ ಬಿಟ್ಟಿದ್ದರು, ಬ್ಯಾಟರಿ ಇಳಿದಿತ್ತು. ಅವರ ಜೊತೆ ಮೂವರು ಹುಡುಗಿಯರಿದ್ದರು: ಹತ್ತು ವರ್ಷದ ಮೊಮ್ಮಗಳು ನಿಧಿ, ಅವಳ ಇಬ್ಬರು ಗೆಳತಿಯರು. ಮೂವರಿಗೂ ನಾಲ್ಕು ಗಂಟೆಗೆ ನಾವೆಲ್ಲ ಇರುವ ಸಟನ್ನಿನಲ್ಲಿ ಪರೀಕ್ಷೆ ಬರೆದೇ ಸೇರಬೇಕಾದ ಗ್ರಾಮರ್ ಶಾಲೆಯ ಪ್ರವೇಶಕ್ಕೆ ಅಣಿಗೊಳಿಸುವ ಮಾಕ್ ಟೆಸ್ಟ್ ಇತ್ತು. ಸಟನ್ನಿನ ನಮ್ಮ ಮನೆಗಳಲ್ಲಿ ಮದುವೆ ತಪ್ಪಿಸಿದರೂ ಕ್ಷಮೆಯುಂಟು, ಮಾಕ್ ಟೆಸ್ಟ್ ತಪ್ಪಿಸಿದರೆ ಇಲ್ಲ. ಹುಡುಗಿಯರ ತಂದೆತಾಯಿಗಳು ಕಾಕಾನ ಮೇಲೆ ಭಾರ ಹಾಕಿ ಡ್ಯೂಟಿಗೆ ಹೋಗಿದ್ದರು. ದೊಡ್ಡ ಕಾರಿನವರೆಲ್ಲ ಆಗಲೇ ತುಂಬಿಸಿಕೊಂಡು ಹೊರಟುಹೋಗಿದ್ದರು. ಉಳಿದವರು ಪಾತ್ರೆ ತೊಳೆಯುತ್ತಿದ್ದ, ಕುರ್ಚಿ ಮಡಚುತ್ತಿದ್ದ, ನಡೆದೇ ಬಂದಿದ್ದ ಅಲ್ಲೇ ಹತ್ತಿರದವರು.

“ವಿಭಾ, ಈ ಮೂವರನ್ನ ಬಿಟ್ಟು ಬಾರವಾ. ನಿಮ್ಮವ್ವ ಹೇಳ್ಯಾಳ, ಭಾಳ ಛಲೋ ಓಡಸ್ತಿಯಂತ,” ಎಂದರು ಕಾಕಾ.

“ಸಾರಿ ಅಜ್ಜ, ಒಬ್ಬರನ್ನ ಕರಕೊಂಡು ಹೋಗ್ತೀನಿ,” ಎಂದಳು ವಿಭಾ. ಮನೆಯವರನ್ನು ಬಿಟ್ಟರೆ ಒಬ್ಬರೇ ಎಂಬ ತನ್ನ ನಿಯಮವನ್ನು ಅರ್ಧ ಇಂಗ್ಲಿಷಿನಲ್ಲಿ ವಿವರಿಸಿದಳು.

ಕಾಕಾನ ಮುಖ ಸಣ್ಣದಾಯಿತು. ಒಬ್ಬರನ್ನು ಎಂದರೆ ಯಾರನ್ನು? ತಮ್ಮ ಮೊಮ್ಮಗಳನ್ನು ಕಳಿಸಿ, ನಂಬಿ ಒಪ್ಪಿಸಿದವರ ಮಕ್ಕಳನ್ನು ಬಿಡುವುದು ಹೇಗೆ? “ಮನ್ಯಾವ್ರನ್ನ ಬಿಟ್ಟು ಅಂದಿ,” ಎಂದರು ಮೆಲ್ಲಗೆ. “ನಾವು ಮನ್ಯಾವ್ರಲ್ಲೇನವಾ?”

ಕುರ್ಚಿ ಮಡಚುವ ಸದ್ದು ನಿಂತಿತು. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಆ ಕೋಟುಗಳು ಕಣ್ಣ ಮುಂದೆ ಬಂದವು. “ಇದೊಂದ ಸಲ, ವಿಭಾ,” ಎಂದೆ, ಹಲ್ಲು ಕಚ್ಚಿಕೊಂಡು. ಅವಳು ನನ್ನ ಕಡೆ ನೋಡಲಿಲ್ಲ. ಮನೆಯಲ್ಲಿ ನಾನು ಕನ್ನಡದಲ್ಲಿ ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರಿಸುವವಳು, ಕಾಕಾನ ಎದುರು ನಿಂತು ನಮ್ಮ ಧಾರವಾಡದ ಮಾತಿನಲ್ಲೇ ಹೇಳಿದಳು: “ನೀವು ಮನ್ಯಾವ್ರ ಅಜ್ಜ. ಆದ್ರ ನಂಗ ಇನ್ನಾ ಛಲೋ ಓಡಸ್ಲಿಕ್ಕೆ ಬರಂಗಿಲ್ಲ.”

ಅಷ್ಟು ಜನರ ಮುಂದೆ, ತಾಯಿ ಬೆಳಗಿನಿಂದ ಹೊಗಳಿ ಮುಗಿಸಿದ ಮೇಲೆ. ಅವಳ ಕಿವಿಗಳು ಕೆಂಪಾಗಿದ್ದವು, ಧ್ವನಿ ಮಾತ್ರ ನಡುಗಲಿಲ್ಲ.

ಟ್ಯಾಕ್ಸಿ ಕರೆಯಬಹುದಿತ್ತಲ್ಲ ಎನ್ನುತ್ತೀರಿ. ಅದನ್ನೇ ಮಾಡಿದೆವು. ಆದರೆ ನಮ್ಮವರದೇ ಕಾರು ಬಾಗಿಲಲ್ಲಿ ನಿಂತಿರುವಾಗ ಟ್ಯಾಕ್ಸಿ ಕರೆಯುವುದೆಂದರೆ ಮುಖಕ್ಕೆ ಹೊಡೆದ ಹಾಗೆ. ಹುಡುಗಿಯರ ಜೊತೆ ನಾನು ಟ್ಯಾಕ್ಸಿಯಲ್ಲಿ ಕೂತೆ. ಕಾಕಾ ಬ್ಯಾಟರಿಯವನಿಗಾಗಿ ಕಾಯುತ್ತ ತಮ್ಮ ಕಾರಿಗೆ ಒರಗಿ ನಿಂತಿದ್ದರು, ಕೈ ಬೀಸಲಿಲ್ಲ. ಸಟನ್ನಿನವರೆಗೂ ನಾನು ಹಿಂದಿನ ಗಾಜಿನಿಂದ ನೋಡುತ್ತಲೇ ಇದ್ದೆ. ನಮ್ಮ ಹಿಂದೆ ವಿಭಾಳ ಕಾರು ನಿಧಾನವಾಗಿ ಬರುತ್ತಿತ್ತು. ಅದರ ಹಿಂದಿನ ಸೀಟು ಖಾಲಿ ಇತ್ತು. ನನಗೆ ಅವಳ ಮೇಲೆ ತಡೆಯಲಾರದಷ್ಟು ಸಿಟ್ಟು ಬಂದಿತ್ತು.

ಮನೆಗೆ ಬಂದು ಆ ಸಿಟ್ಟನ್ನೆಲ್ಲ ಸುರಿದೆ. ಅವಳು ಕೇಳಿಸಿಕೊಂಡು, ಆಮೇಲೆ ಹೇಳಿದಳು. ಪಾಸಾದ ಎರಡನೆಯ ವಾರ ಮೂವರು ಗೆಳತಿಯರನ್ನು ಕೂರಿಸಿಕೊಂಡು ಹೋಗಿದ್ದಳಂತೆ. ಯಾರೋ ಏನೋ ಅಂದರು, ಎಲ್ಲರೂ ನಕ್ಕರು, ಇವಳೂ ನಕ್ಕು ಹಿಂದಕ್ಕೆ ತಿರುಗಿದಳು. ಮುಂದೆ ನೋಡುವಷ್ಟರಲ್ಲಿ ಜೀಬ್ರಾ ಕ್ರಾಸಿಂಗಿನ ಮೇಲೆ ಒಬ್ಬ ಹೆಂಗಸು ತಳ್ಳುಗಾಡಿಯಲ್ಲಿ ಮಗುವನ್ನು ಇಟ್ಟುಕೊಂಡು ನಡೆದು ಹೋಗುತ್ತಿದ್ದಳು. ಕಾರು ನಿಂತಿತು. ಹೇಗೆ ನಿಂತಿತೆಂದು ತನಗೆ ಇಂದಿಗೂ ಗೊತ್ತಿಲ್ಲ ಎಂದಳು. ಗೆಳತಿಯರು ಅದನ್ನು ಗಮನಿಸಲೂ ಇಲ್ಲ, ಆ ಹೆಂಗಸೂ ತಿರುಗಿ ನೋಡಲಿಲ್ಲ. ಯಾರಿಗೂ ಗೊತ್ತಾಗದ ಒಂದು ಕ್ಷಣಕ್ಕಾಗಿ ಅವಳು ತನಗೆ ತಾನೇ ಆರು ತಿಂಗಳ ಕಟ್ಟು ಹಾಕಿಕೊಂಡಿದ್ದಳು. ನಾನು ಎದ್ದು ಹೋಗಿ ಅವಳಿಗೆ ಬಿಸಿ ಅನ್ನಕ್ಕೆ ತುಪ್ಪ ಹಾಕಿ ಕೊಟ್ಟೆ. ನನ್ನ ಮಗಳು ನನಗಿಂತ ದೊಡ್ಡವಳು ಎಂದು ಅವತ್ತು ತಿಳಿಯಿತು, ಆ ತಿಳಿವಳಿಕೆಯಿಂದ ಸಂತೋಷವೇ ಆಯಿತು.

ಕಾಕಾನಿಗೂ ಇದನ್ನು ಹೇಳಬೇಕೆಂದರೆ, ನೆಪ ಹೇಳಿದ ಹಾಗಾಗುತ್ತದೆ, ಬೇಡ ಎಂದಳು ವಿಭಾ. ಕಾಕಾ ಜಗಳವಾಡುವವರಲ್ಲ. ಹಬ್ಬಕ್ಕೆ ಬಂದರು, ಉಂಡರು, ನಕ್ಕರು. ಆದರೆ ನಮ್ಮನ್ನು ಏನನ್ನೂ ಕೇಳುವುದನ್ನು ಬಿಟ್ಟುಬಿಟ್ಟರು. ಅವರ ಮೊಣಕಾಲಿನ ಆಪರೇಷನ್ ಆದದ್ದು ನನಗೆ ಬೇರೆಯವರಿಂದ ತಿಳಿಯಿತು. ಹೋಗಿ ನೋಡಿದರೆ, “ಯಾಕ ತ್ರಾಸ ತಗೊಂಡ್ರಿ,” ಎಂದರು. ನನಗೆ ಬಹುವಚನ! ಆ ಒಂದು ಮಾತಿಗೆ ಬಸ್ಸಿನಲ್ಲಿ ಕೂತು ಅತ್ತಿದ್ದೇನೆ. ವರ್ಷಗಳು ಹಾಗೆಯೇ ಕಳೆದವು.

ಎದುರು ಮನೆಯ ಪಿ ನೋಡಿ ಒಳಗೆ ಬಂದ ಎರಡು ದಿನಕ್ಕೆ ಫೋನು ಬಂತು. ಕಾಕಾ. ಪೀಠಿಕೆಯೇ ಇಲ್ಲ.

“ನಿಧಿಗೆ ಹದಿನೇಳಾತು. ಎಲ್ ಬೋರ್ಡ್ ಬಂದದ. ಅವರಪ್ಪ ಬಾಜೂಕ ಕೂತ್ರ ಒದರತಾನ, ಅವರವ್ವ ಕಣ್ಣ ಮುಚ್ಚಿ ದೇವರ ಹೆಸರ ಹೇಳ್ತಾಳ. ಶನಿವಾರ ವಿಭಾ ಮನಿಗೆ ಬರ್ತಾಳಲ್ಲ, ಆಕಿನ್ನ ಕೂಡಸು.”

ಕಲಿಯುವವರ ಪಕ್ಕ ಕೂರುವವರಿಗೆ ಇಪ್ಪತ್ತೊಂದು ತುಂಬಿರಬೇಕು, ಲೈಸೆನ್ಸ್ ಸಿಕ್ಕಿ ಮೂರು ವರ್ಷವಾಗಿರಬೇಕು. ವಿಭಾಳಿಗೆ ಈಗ ಇಪ್ಪತ್ನಾಲ್ಕು. ಆದರೂ ಸುಮ್ಮನೆ ಕೇಳಿದೆ: “ಕಲಿಸಾವ್ರು ಭಾಳ ಮಂದಿ ಸಿಗ್ತಾರಲ್ರಿ ಕಾಕಾ.”

“ಸಿಗ್ತಾರ. ಬರಂಗಿಲ್ಲ ಅನ್ನೂದನ್ನ ಯಾರ ಕಲಸ್ತಾರ? ಅದನ್ನ ಮೊದಲ ಕಲಸಂತ ಹೇಳು.”

ಶನಿವಾರ ನಿಧಿ ನಮ್ಮ ಹಳೆಯ ಕಾರಿನ ಸ್ಟಿಯರಿಂಗ್ ಹಿಡಿದು ಕೂತಳು, ವಿಭಾ ಪಕ್ಕದಲ್ಲಿ. ಕಾಕಾ ಹಿಂದಿನ ಬಾಗಿಲು ತೆರೆದು ಒಂದು ಕಾಲು ಒಳಗಿಟ್ಟರು. “ಅಜ್ಜ, ಇವತ್ತ ಬ್ಯಾಡ,” ಎಂದಳು ವಿಭಾ. ಅವರು ಕಾಲನ್ನು ಹೊರಗೆ ತೆಗೆದು, ಬಾಗಿಲನ್ನು ಮೆತ್ತಗೆ ಹಾಕಿದರು. ಕಾರು ಎರಡು ಸಲ ಜಗ್ಗಿ ನಿಂತು, ಮೂರನೆಯದಕ್ಕೆ ಹೊರಟಿತು. ಅದು ತಿರುವಿನಲ್ಲಿ ಮರೆಯಾಗುವವರೆಗೂ ನಾವಿಬ್ಬರೂ ಗೇಟಿನಲ್ಲಿ ನಿಂತಿದ್ದೆವು.

“ಅವತ್ತ ನಾ ಹಂಗ ಕೇಳಬಾರದಿತ್ತು,” ಎಂದರು ಕಾಕಾ.

“ಕೇಳ್ರಿ ಕಾಕಾ,” ಎಂದೆ. “ನೀವು ಕೇಳೂದು ಬಿಟ್ಟದ್ದ ನಂಗ ಸಂಕಟಾತು. ನೀವು ಕೇಳ್ರಿ, ನಮಗ ಆಗಲಿಲ್ಲಂದ್ರ ಆಗೂದಿಲ್ಲ ಅಂತೀವಿ.”

ಅವರು ಗೇಟು ಬಿಟ್ಟು ಮನೆಯ ಕಡೆ ತಿರುಗಿದರು. “ಹಂಗಾರ ಒಂದು ಕಪ್ ಚಾ ಮಾಡವಾ,” ಎಂದರು. “ಸಕ್ರಿ ಸ್ವಲ್ಪ ಮುಂದಾಗಿ ಹಾಕು.”

ಕಾಕಾನಿಗೆ ಸಕ್ಕರೆ ಕಾಯಿಲೆ ಇರುವುದು ಊರಿಗೆಲ್ಲ ಗೊತ್ತು. ಆದರೂ ಇಷ್ಟು ವರ್ಷ ಅವರ ಕಪ್ಪಿಗೆ ಎರಡು ಚಮಚ ಹಾಕಿ ಕೊಟ್ಟವಳು ನಾನೇ, ಅವರ ಮನಸ್ಸು ನೋಯಿಸಬಾರದೆಂದು.

“ಸಕ್ರಿ ಹಾಕಂಗಿಲ್ರಿ ಕಾಕಾ,” ಎಂದೆ.

ಅವರು ನನ್ನನ್ನು ಒಂದು ಸಲ ನೋಡಿ, ಗಟ್ಟಿಯಾಗಿ ನಕ್ಕು, ನನಗಿಂತ ಮೊದಲೇ ಒಳಗೆ ನಡೆದರು.